ಎಡತೋಳಿನ ಪ್ಯಾಚ್

ವಿಮಲಾ, ಆ ಪ್ಯಾಚ್ ಹೊಲಿದವಳು ನಾನು. ನನ್ನ ತಮ್ಮ ಮಂಜುನಾಥ ಅದನ್ನು ಬಜಾರಿನಲ್ಲಿ ಕೊಂಡಿರಲಿಲ್ಲ. ಸೂಜಿ ನನ್ನದು, ದಾರ ನನ್ನದು — ಆ ಫೋಟೋ ಹಿಡಿದುಕೊಂಡು ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಬಾಯಿಯೂ ನನ್ನದೇ. ಒಂಬತ್ತು ವರ್ಷ ಇದನ್ನು ಮುಚ್ಚಿಟ್ಟೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ನಾನು ನಿಂತಿದ್ದ ಕಡೆಯಿಂದ ಅದು ಹೇಗಿತ್ತೆಂದು ನಿನಗೆ ಗೊತ್ತಿಲ್ಲ.

ನಮ್ಮ ಯಜಮಾನರು ವಾಯುಪಡೆಯ ಸ್ಟೋರ್ಸ್ ವಿಭಾಗದಲ್ಲಿದ್ದರಲ್ಲ, ಆಗ ಉತ್ತರದ ಕಡೆ ಏಳು ವರ್ಷ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಕಸೂತಿ ನೋಡಿ ಅಲ್ಲಿನ ಒಂದು ಸ್ಕ್ವಾಡ್ರನ್ನಿನವರು, ಎಂದರೆ ಒಂದು ವಿಮಾನದಳದವರು, ತಮ್ಮ ಫ್ಲೈಯಿಂಗ್ ಸೂಟುಗಳಿಗೆ ಪ್ಯಾಚ್ ಮಾಡಿಕೊಡಲು ಹೇಳಿದರು. ಅಂಗೈಯಗಲದ ದುಂಡನೆ ಬಟ್ಟೆ. ಕಪ್ಪು ನೆಲದ ಮೇಲೆ ರೆಕ್ಕೆ ಮಡಚಿ ಎರಗುವ ಗಿಡುಗ. ಬಟ್ಟೆ ತಂದುಕೊಟ್ಟ ವಾರಂಟ್ ಆಫೀಸರ್ ಮೊದಲ ದಿನವೇ ನಿಯಮಗಳನ್ನೆಲ್ಲ ಹೇಳಿದರು. ಹೊಸದಾಗಿ ಬಂದ ಪೈಲಟ್‌ಗೆ ಇದು ಕೂಡಲೇ ಸಿಗುವುದಿಲ್ಲ. ತಿಂಗಳುಗಟ್ಟಲೆ ಆ ದಳದ ವಿಮಾನದಲ್ಲಿ ಹಾರಿ, ಪರೀಕ್ಷೆಯಲ್ಲಿ ಗೆದ್ದ ಮೇಲೆ ಹಿರಿಯರೇ ಎಲ್ಲರೆದುರು ಅವನ ತೋಳಿಗೆ ಹಾಕುತ್ತಾರೆ. ಬೇರೆ ದಳಕ್ಕೆ ವರ್ಗವಾದರೆ ಬಿಚ್ಚಿಡಬೇಕು. ನೂಲು ಕಿತ್ತುಬಂದ ಹಳೆಯದನ್ನೂ ಎಸೆಯುವಂತಿಲ್ಲ, ತಿರುಗಿ ಒಪ್ಪಿಸಬೇಕು. ಮತ್ತು ಆ ದಳದಲ್ಲಿ ಗಿಡುಗ ಬಲತೋಳಿಗೇ ಬರಬೇಕು. ಎಡತೋಳು ವಿಮಾನದ ಚಿತ್ರವಿರುವ ಇನ್ನೊಂದು ಪ್ಯಾಚಿಗೆ ಮೀಸಲು. ನನ್ನ ಗಂಡನಿಗೇ ಅದನ್ನು ಧರಿಸುವ ಹಕ್ಕಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ನಾನು.

ಮಂಜುನಾಥ ಎರಡು ಸಲ ವಾಯುಪಡೆಯ ಭರ್ತಿಗೆ ಹೋಗಿ, ಕಿವಿಯ ದೋಷವೆಂದು ವಾಪಸು ಬಂದವನು. ಬರಗೂರಿನಲ್ಲಿ ಮುಖ ತೋರಿಸಲಾರದೆ ನಮ್ಮಲ್ಲಿಗೆ ಬಂದ. ವಾಯುನೆಲೆಯ ಗೇಟಿನಾಚೆ ಒಂದು ಗೋದಾಮಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ಊರಿನಲ್ಲಿ ಅಪ್ಪ ಮಾತ್ರ "ನನ್ ಮಗ ಏರ್‌ಫೋರ್ಸ್‌ನಾಗವ್ನೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ. ನಿಮ್ಮ ಹೊಳವನಹಳ್ಳಿಯಿಂದ ಸಂಬಂಧದ ಮಾತು ಬಂದಾಗ ಹುಡುಗನ ಫೋಟೋ ಕೇಳಿದರು. ಅವನು ಹಳೆ ಬಟ್ಟೆಯ ಅಂಗಡಿಯಿಂದ ಮಾಸಿದ ಒಂದು ಫ್ಲೈಯಿಂಗ್ ಸೂಟ್ ತಂದ.

"ಒಂದೇ ಒಂದ್ ಫೋಟೋ ಕಣಕ್ಕ. ತೋಳು ಬೋಳಾಗೈತೆ, ನೋಡಕ್ಕೆ ಚೆನ್ನಾಗಿಲ್ಲ" ಎಂದ.

ನಾನು ಬೇಡ ಅನ್ನಲಿಲ್ಲ. ಆ ಸಲ ಹನ್ನೆರಡು ಪ್ಯಾಚ್ ಮಾಡಬೇಕಿತ್ತು, ಹದಿಮೂರು ಮಾಡಿದೆ. ಹೊಲಿಯುವಾಗ ಮಾತ್ರ — ಇದನ್ನು ಹೇಗೆ ಬರೆಯಲಿ — ಬೇಕೆಂದೇ ಎಡತೋಳಿಗೆ ಹೊಲಿದೆ. ಬಲತೋಳಿಗೆ ಹೊಲಿದರೆ ಆ ವಾರಂಟ್ ಆಫೀಸರ್‌ಗೆ ಮೋಸ ಮಾಡಿದಂತೆ, ಎಡಕ್ಕಾದರೆ ಅದು ಬರೀ ಬಟ್ಟೆ, ವೇಷ, ತಮಾಷೆ — ಹೀಗೆ ಏನೋ ಲೆಕ್ಕ ಹಾಕಿ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಇವತ್ತು ನೆನೆದರೆ ಕೈ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ. ನಿಯಮ ಮುರಿಯುವವಳಿಗೆ ನಿಯಮದ ಮೇಲೆ ಅದೆಂಥ ಭಕ್ತಿ!

ಹೆಣ್ಣು ನೋಡುವ ದಿನ ನೀನು ನನ್ನನ್ನು ಅಡುಗೆಮನೆಗೆ ಕರೆದೆ. ಕೈಯಲ್ಲಿ ಅದೇ ಫೋಟೋ ಇತ್ತು. ಟೀಚರ್ ಕೆಲಸ ಸಿಕ್ಕಿ ಆಗಿನ್ನೂ ಒಂದು ವರ್ಷವಾಗಿತ್ತು ನಿನಗೆ. ಏನನ್ನೂ ವಿಚಾರಿಸದೆ ಒಪ್ಪುವವಳಲ್ಲ ನೀನು.

"ಅಕ್ಕಾ, ಗಂಡಸ್ರು ಹೇಳೋದು ನಂಗೆ ಬ್ಯಾಡ. ನೀವ್ ಹೇಳಿ. ಇವ್ರು ನಿಜ್ವಾಗ್ಲೂ ವಿಮಾನ್ದಾಗೆ ಹಾರ್ತಾರಾ?"

ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ತೋಳಿನ ಮೇಲೆ ಬೆರಳಿಟ್ಟು ಹೇಳಿದೆ: "ಇದು ಸ್ಕ್ವಾಡ್ರನ್ ಪ್ಯಾಚ್ ಕಣಮ್ಮ. ಹಾರದೆ ಇರೋರು ಇದ್ನ ಹಾಕ್ಕಣಂಗಿಲ್ಲ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈವರೆಗೂ ಹೇಳಿಲ್ಲ. ನೀನು ನಕ್ಕೆ. ಆ ನಗು — ಬೇಡ, ಅದರ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ.

ಮದುವೆಯಾದ ಮೇಲೂ ನೀನು ಶಾಲೆ ಬಿಡದೆ ಊರಲ್ಲೇ ಇದ್ದೆ, ಅವನು ರಜೆಯೆಂದು ಬಂದು ಹೋಗುತ್ತಿದ್ದ. ಏಳೆಂಟು ತಿಂಗಳಿಗೆ ನಿಮ್ಮ ಶಾಲೆಯಲ್ಲಿ ಗಣರಾಜ್ಯೋತ್ಸವ. ಸೈನಿಕರ ಚಿತ್ರಗಳ ಜೊತೆ ನೀನು ಗಂಡನ ಫೋಟೋವನ್ನೂ ಗೋಡೆಗೆ ಹಾಕಿದ್ದೆ. ಕೊರಟಗೆರೆಯಿಂದ ಅತಿಥಿಯಾಗಿ ಬಂದಿದ್ದವರು ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಮಕ್ಕಳು, ಮೇಷ್ಟ್ರುಗಳು, ಊರಿನವರು ಎಲ್ಲರೂ ಇದ್ದಾಗಲೇ ಅವರು ಫೋಟೋದ ಮುಂದೆ ನಿಂತುಬಿಟ್ಟರಂತೆ. "ಈ ದಳದವ್ರನ್ನ ನಾನು ಬಲ್ಲೆ ಮೇಡಂ. ಪ್ಯಾಚು ಬಲತೋಳಿಗಿರ್ಬೇಕಿತ್ತು. ಎದೆ ಮೇಲೆ ಪೈಲಟ್ ಬ್ಯಾಡ್ಜೂ ಇಲ್ಲ. ಯಾರೋ ವೇಷಕ್ಕೆ ಹೊಲ್ದವ್ರೆ ಇದ್ನ" ಎಂದರಂತೆ. ಅವತ್ತಿನಿಂದ ಮಕ್ಕಳ ಬಾಯಲ್ಲಿ ನೀನು ಏರೋಪ್ಲೇನ್ ಮಿಸ್ಸು. ಅದೇ ಶಾಲೆಯಲ್ಲಿ, ಅದೇ ಮಕ್ಕಳ ಮುಂದೆ, ಮಾರನೆಯ ದಿನವೂ ನೀನು ಹೋಗಿ ಪಾಠ ಮಾಡಿದೆ. ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ.

ಆಮೇಲೆ ನಿಮ್ಮ ಜಗಲಿಯ ಮೇಲೆ ಎರಡೂ ಮನೆಯವರು ಸೇರಿದೆವು. ಯಾರೋ ನನ್ನ ಕಡೆ ನೋಡಿ, ಈಯಮ್ಮನೂ ಹೊಲಿಗೆಯವಳಲ್ಲವೇ ಎಂದರು. ನಿಮ್ಮಪ್ಪ ಒಪ್ಪಲಿಲ್ಲ.

"ಆಯಮ್ಮ ಹೊಲ್ದಿದ್ರೆ ಬಲಗಡೀಕೇ ಹೊಲ್ದಿರೋಳು. ದಿನಾ ಅದೇ ಕೆಲ್ಸ ಮಾಡೋಳಿಗೆ ಗೊತ್ತಾಗಕಿಲ್ವಾ? ಇದು ಇವ್ನೊಬ್ಬನ ಕಿತಾಪತಿ."

ನಾನು ಅಲ್ಲೇ ಹೇಳಬೇಕಿತ್ತು. ಹೇಳುವ ಬದಲು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ತಮ್ಮನನ್ನೇ ಗದರಿದೆ: "ಎಲ್ಲಿಂದ ತಂದ್ಯಲಾ ಅದ್ನ? ಬಾಯ್ಬುಡು."

ಮಂಜುನಾಥ ನನ್ನನ್ನು ನೋಡಿದ. ತುಂಬ ಹೊತ್ತೇನಲ್ಲ.

"ಬಜಾರ್ನಾಗೆ ತಗಂಡೆ" ಎಂದ.

ಅವನು ನನಗೂ ಸುಳ್ಳು ಹೇಳಿದ್ದನೆಂದುಕೊಂಡು ನೀನು ಅಳುತ್ತ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟೆ. ನಾನು ನಿನ್ನ ಬೆನ್ನು ಸವರಿದೆ, ವಿಮಲಾ. ಈ ಕೈಯಿಂದಲೇ.

ನೀನು ತವರಿನಲ್ಲೇ ಉಳಿದೆ. ಅವನು ಪಾವಗಡದ ಕಡೆ ಹೋಗಿ, ಹೊಲಗಳಲ್ಲಿ ಸಾಲಾಗಿ ನಿಲ್ಲಿಸಿರುವ ಸೋಲಾರ್ ಫಲಕಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ. ಬರಗೂರಿನವರು ಅವನನ್ನು ಕಳ್ಳ ಎಂದರು. ನನ್ನನ್ನು ನ್ಯಾಯವಂತೆ ಎಂದರು, ಒಡಹುಟ್ಟಿದವನನ್ನೂ ಬಿಡಲಿಲ್ಲ ನೋಡಿ ಎಂದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಕಿರುಚಿಬಿಡಬೇಕು ಅನ್ನಿಸುತ್ತಿತ್ತು. ಕಿರುಚಲಿಲ್ಲ. ಒಂಬತ್ತು ವರ್ಷ ಯುಗಾದಿಗೆ ನೀನು ಫೋನ್ ಮಾಡಿ "ಅತ್ತಿಗೆ, ಚೆನ್ನಾಗಿದೀರಾ" ಅನ್ನುತ್ತಿದ್ದೆ. ನಾನು ಚೆನ್ನಾಗಿದ್ದೇನೆ ಅನ್ನುತ್ತಿದ್ದೆ.

ಕಳೆದ ವಾರ ನೀನು ಮಧುಗಿರಿಯ ನಮ್ಮ ಮನೆಗೆ ಬಂದು, ವಿಚ್ಛೇದನಕ್ಕೆ ಹಾಕಿದ್ದೇನೆ ಎಂದೆ. ವಕೀಲರು ಬರೆಸಿದ ಹೇಳಿಕೆ ಕೊಟ್ಟೆ. ಮಂಜುನಾಥನೊಬ್ಬನೇ ಮೋಸ ಮಾಡಿದ, ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ ಎಂದು ಅದರಲ್ಲಿದೆ. "ಅವತ್ತು ನನ್ ಪರ ನಿಂತೋರು ನೀವೊಬ್ರೇ ಅತ್ತಿಗೆ. ನೀವೇ ಸಾಕ್ಷಿ ಹೇಳ್ಬೇಕು" ಎಂದೆ. ನಾನು ಓದಿ ಸಹಿ ಮಾಡುತ್ತೇನೆ ಎಂದು ಇಟ್ಟುಕೊಂಡೆ.

ನೀನು ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ಅವನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.

"ಬುಡಕ್ಕ, ಈಗ್ಯಾಕೆ? ಒಬ್ರು ಕೆಟ್ಟಿರೋದು ಸಾಲ್ದಾ? ಸೂಟ್ ತಂದಿದ್ದು ನಾನೇ ಅಲ್ವಾ? ಸಹಿ ಹಾಕ್ಬುಡು" ಎಂದ.

ಅವನು ಹಾಗೆ ಅಂದಾಗ ಒಂದು ಕ್ಷಣ ನನಗೆ ಹಗುರವಾಯಿತು. ಅದನ್ನೂ ಬರೆಯಬೇಕು. ಇನ್ನೊಂದು ಸಲ ಅವನ ಹಿಂದೆ ಅಡಗಿಕೊಳ್ಳಲು ಜಾಗ ಸಿಕ್ಕಿತೆಂದು ಹಗುರವಾಯಿತು. ಪೆನ್ನು ಕೈಗೆ ತೆಗೆದುಕೊಂಡೂ ಆಗಿತ್ತು.

ಅವನು ತಪ್ಪಿತಸ್ಥನಲ್ಲ ಎಂದು ನಾನು ಹೇಳುತ್ತಿಲ್ಲ. ವೇಷ ಹಾಕಿದ್ದು ಅವನೇ, ತಾಳಿ ಕಟ್ಟುವವರೆಗೂ, ಕಟ್ಟಿದ ಮೇಲೂ ಸುಮ್ಮನಿದ್ದದ್ದು ಅವನೇ. ಆದರೆ ನೀನು ನಂಬಿದ್ದು ಅವನನ್ನಲ್ಲ. ಗಂಡಸರ ಮಾತು ಬೇಡವೆಂದು ನನ್ನನ್ನು ನಂಬಿ ಕೇಳಿದೆ.

ಅವನನ್ನು ಬಿಡುವುದೋ ಇರಿಸಿಕೊಳ್ಳುವುದೋ ನಿನಗೆ ಸೇರಿದ್ದು. ಅದಕ್ಕಾಗಿ ಇದನ್ನು ಬರೆಯಲಿಲ್ಲ. ಕ್ಷಮೆ ಕೇಳಲೂ ಅಲ್ಲ. ಈ ಕಾಗದವನ್ನು ನಿಮ್ಮ ವಕೀಲರಿಗೆ ಕೊಡು, ನಿಮ್ಮಪ್ಪನಿಗೂ ಓದಿ ಹೇಳು. ಕೋರ್ಟಿನಲ್ಲಿ ಕರೆದರೆ ಬರುತ್ತೇನೆ. ನಿನ್ನ ಪರವಾಗಿ ನಿಂತವಳಾಗಿ ಅಲ್ಲ, ನಿನಗೆ ಮೋಸ ಮಾಡಿದ ಇಬ್ಬರಲ್ಲಿ ಒಬ್ಬಳಾಗಿ. ನೀನು ಕೊಟ್ಟುಹೋದ ಹೇಳಿಕೆಗೆ ಸಹಿ ಹಾಕಿಲ್ಲ. ಹಾಗೆಯೇ ಇದರ ಜೊತೆ ಇಟ್ಟಿದ್ದೇನೆ.