ದೊರೆಯ ಡಬ್ಬಿಯಲ್ಲಿದ್ದ ಬಸವನಹುಳು

ಹೆಂಡತಿ ತೀರಿಕೊಂಡ ವರ್ಷ, ಒಬ್ಬ ಬಿಳೀ ದೊರೆಯನ್ನು ಹೊಸಪೇಟೆಯಿಂದ ಹಂಪಿಗೆ ನನ್ನ ಗಾಡಿಯಲ್ಲಿ ಕರಕೊಂಡು ಹೋಗಿದ್ದೆ. ಆತ ಹಾಳುಗುಡಿಯ ಕಲ್ಲು ಎತ್ತೆತ್ತಿ ಏನೋ ಆರಿಸಿ ಡಬ್ಬಿಗೆ ಹಾಕುತ್ತಿದ್ದ. ನಿಧಿಯೇ ಇರಬೇಕು ಅನ್ನಿಸಿತು. ಪೊಲೀಸರು ಹಿಡಿದರೆ ನನ್ನ ಗಾಡಿ, ಎತ್ತು ಎರಡೂ ಹೋಗುತ್ತಿದ್ದವು.

“ಡಬ್ಬಿ ತೆಗೆದು ತೋರಸ್ರಿ ದೊರಿ. ಇಲ್ಲಂದ್ರ ಗಾಡಿ ಹೂಡಂಗಿಲ್ಲ,” ಅಂದೆ.

ತೆರೆದ. ಒಳಗೆ ಬರೀ ಬಸವನಹುಳು, ಬಾಯಿ ಮುಚ್ಚಿದ ಒಣ ಚಿಪ್ಪುಗಳು.

“ಇವು ಸತ್ತಾವಲ್ರಿ.”

“ಸತ್ತಿಲ್ಲ. ಬೇಸಿಗೆ, ಮಲಗಿದೆ,” ಅಂತ ದೊರೆ ತನ್ನ ಬಾಟ್ಲಿಯ ನೀರು ಚಿಮುಕಿಸಿದ. ನಾನು ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ಒಂದು ಹುಳು ಕೊಂಬು ಹೊರಹಾಕಿತು.

“ಯಾವ ನೀರ್ರಿ ಅದು?”

“ಹೊಳೆ ನೀರು.”

ಹೆಂಡತಿಯ ಮುಖಕ್ಕೆ ನಾನೂ ಹೊಳೆ ನೀರೇ ಚಿಮುಕಿಸಿದ್ದೆ.

ಗಾಡಿ ಹೂಡಿದೆ. ಆ ಬಾಟ್ಲಿಯ ಮೇಲೆ ಮಾತ್ರ ನನ್ನ ಗುಮಾನಿ ಇನ್ನೂ ಹೋಗಿಲ್ಲ.