ಮೇಕೆಮರಿಯ ಗಂಟೆ ಹುಡುಕುತ್ತಾ ಸಹಕಾರನಗರಕ್ಕೆ

ನಾನು ಓದು ನಿಲ್ಲಿಸಿದ್ದು 1989ರಲ್ಲಿ, ಏಳನೇ ತರಗತಿಯ ನಡುವೆ. ಆಮೇಲೆ ಇಟ್ಟಿಗೆ ಹೊತ್ತೆ, ಗಾರೆ ಕಲಸಿದೆ, ಮೇಸ್ತ್ರಿಯಾದೆ. ಚಿಕ್ಕಬಾಣಾವರದ ಸುತ್ತ ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದೂ ಬಿರುಕು ಬಿಟ್ಟಿಲ್ಲ. ಇಂಥ ನಾನು 2014ರ ಮಳೆಗಾಲದ ಒಂದು ಭಾನುವಾರ, ಮಗುವಿಗೆ ಕಥೆ ಓದಿ ಹೇಳುವುದನ್ನು ಕಲಿಯಲು ಸಹಕಾರನಗರಕ್ಕೆ ಹೋಗಿಬಂದೆ.

ಕಾರಣ ನನ್ನ ಕಿರಿಮಗಳು ಚಿನ್ನು. ನಾಲ್ಕು ವರ್ಷದವಳು. ಅಮ್ಮ ಓದಿದರೆ ಕೇಳುತ್ತಾಳೆ, ಅಕ್ಕ ಓದಿದರೆ ಕೇಳುತ್ತಾಳೆ, ನಾನು ಪುಸ್ತಕ ಹಿಡಿದರೆ ಮಂಚದ ಕೆಳಗೆ ನುಗ್ಗುತ್ತಾಳೆ. ಒಂದು ದಿನವಾದರೂ ಅವಳಾಗಿಯೇ ಪುಸ್ತಕ ತಂದು ನನ್ನ ತೊಡೆಯ ಮೇಲೆ ಕೂರಲಿ ಎಂಬುದು ನನ್ನ ಆಸೆ. ಯಾರಿಗೂ ಹೇಳಿರಲಿಲ್ಲ. ಆದರೂ ಒಂಬತ್ತನೇ ತರಗತಿಯ ಹಿರಿಮಗಳು ಸವಿತಾಳಿಗೆ ಗೊತ್ತಾಗಿತ್ತು. ಮನೆಯ ಪುಟ್ಟ ಮಕ್ಕಳಿಗೆ ಓದಿ ಹೇಳುವುದು ಹೇಗೆಂದು ದೊಡ್ಡ ಮಕ್ಕಳಿಗೂ ಹೆತ್ತವರಿಗೂ ಸಹಕಾರನಗರದಲ್ಲಿ ಒಂದು ದಿನದ ತರಬೇತಿ ಇದೆಯೆಂದು ತಿಳಿದು, ನನ್ನನ್ನು ಕೇಳದೆಯೇ ಹೆಸರು ಕೊಟ್ಟು ಬಂದಿದ್ದಳು.

ಬೆಳಗ್ಗೆ ಮೂವರೂ ಹೊರಟೆವು. ತುಂತುರು ಮಳೆ. ಯಶವಂತಪುರದಲ್ಲಿ ಇಳಿದು ಇಡ್ಲಿ ತಿಂದು, ಇನ್ನೊಂದು ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದೆವು. ಮೀಟರ್ ಮೇಲೆ ಇಪ್ಪತ್ತು ಕೊಡಿ ಎಂದ ಡ್ರೈವರ್, ನನ್ನ ಇಸ್ತ್ರಿ ಹಾಕಿದ ಬಿಳಿ ಅಂಗಿ ನೋಡಿ, “ಏನ್ ಸಾರ್, ಮದ್ವೆಗಾ?” ಎಂದ.

“ಇಲ್ಲ ಅಂಕಲ್, ಓದೋದು ಕಲಿಯೋಕೆ,” ಎಂದಳು ಸವಿತಾ.

“ಯಾರು?”

“ನಮ್ಮಪ್ಪ.”

ಸಹಕಾರನಗರ ಮುಟ್ಟುವವರೆಗೂ ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ಚಾಪೆ ಹಾಸಿದ್ದರು. ಒಳಗೆ ಕಾಲಿಟ್ಟವನೇ ಗೋಡೆ ತಟ್ಟಿ ನೋಡಿದೆ. ಪ್ಲಾಸ್ಟರ್ ಟೊಳ್ಳು. ಹೇಳಿದೆ. ತರಬೇತಿ ಕೊಡುವ ಮೇಡಂ, “ಗೋಡೆ ಆಮೇಲೆ ನೋಡೋಣ, ಮೊದ್ಲು ಕೂತ್ಕೊಳ್ಳಿ,” ಎಂದರು.

ಮೊದಲು ಹದಿಹರೆಯದ ಮಕ್ಕಳು ಓದಬೇಕು, ಅಪ್ಪ ಅಮ್ಮಂದಿರು ನಾಲ್ಕು ವರ್ಷದ ಮಕ್ಕಳಾಗಬೇಕು. ತಣಿಸಂದ್ರದಿಂದ ಬಂದಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು ಬಾಯಿಗೆ ಬೆರಳಿಟ್ಟುಕೊಂಡು ಕುಳಿತೇಬಿಟ್ಟರು. ಕಲಿಸಿದ್ದು ಇಷ್ಟು: ಚಿತ್ರ ತೋರಿಸು, ಪ್ರಶ್ನೆ ಕೇಳು, ಮನಸ್ಸಿನಲ್ಲಿ ಐದು ಎಣಿಸುವವರೆಗೂ ಬಾಯಿ ಬಿಡಬೇಡ. ಉತ್ತರ ಮಗುವೇ ಹೇಳಬೇಕು.

ನನ್ನ ಸರದಿ ಬಂತು. ಪುಸ್ತಕ, ಗಂಟೆ ಕಳೆದುಕೊಂಡ ಮೇಕೆಮರಿಯದು. ಚಿನ್ನುವನ್ನು ಎದುರಿಗೆ ಕೂರಿಸಿಕೊಂಡು ಒಂದೇ ಸಾಲು ಓದಿದೆ. ಅವಳು ಕಿವಿ ಮುಚ್ಚಿಕೊಂಡು ಸವಿತಾಳ ಬೆನ್ನ ಹಿಂದೆ ಓಡಿದಳು.

“ಅಕ್ಕಾ, ಅಪ್ಪ ಬೈತಾವ್ರೆ!”

ಬಾಗಿಲಲ್ಲಿ ವಾಚ್‌ಮನ್ ಇಣುಕಿದ. “ಏನಾಯ್ತು ಸಾರ್, ಯಾರ್ದು ಜಗಳ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೆಳಗೆ ನಿಂತು ಮೂರನೇ ಮಹಡಿಯಲ್ಲಿ ಸಾರ್ವೆಯ ಬೊಂಬಿನ ಮೇಲೆ ನಿಂತ ಆಳುಗಳಿಗೆ ಕೂಗಿ ಕೂಗಿ ಬೆಳೆದ ಗಂಟಲು ಇದು. ಇದನ್ನು ಮನೆಗೆ ಬಂದಾಗ ಚಪ್ಪಲಿಯಂತೆ ಹೊರಗೆ ಬಿಡಲಾಗುತ್ತದೆಯೇ?

ಸವಿತಾ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದಳು. “ಅಪ್ಪಾ, ಕಿಟಕಿ ಗಾಜು ಹೊರೋರಿಗೆ ಏನಂತ ಹೇಳ್ತೀಯ?”

“ನಿಧಾನಕ್ಕೆ, ಮುಕ್ಕಾಗ್ಬಾರ್ದು ಅಂತೀನಿ.”

“ಇಂಗೇ ಓದು. ಈಗ ಹೇಳಿದ್ಯಲ್ಲ, ಇಂಗೇ.”

ಪುಳಿಯೋಗರೆ, ಮೊಸರನ್ನ ಆದ ಮೇಲೆ ಮತ್ತೆ ಓದಿದೆ. ದನಿ ಇಳಿದಿತ್ತು, ಮೇಡಂ ಕೂಡ ತಲೆಯಾಡಿಸಿದರು. ಚಿನ್ನು ಮಾತ್ರ ಅಕ್ಕನ ಬೆನ್ನು ಬಿಟ್ಟು ಬರಲಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಲು ಕೊಟ್ಟರು. ಬಂದ ಕೆಲಸವಾಗದೆ ಹಿಂದಿರುಗುವುದು ನನ್ನ ಜಾಯಮಾನವಲ್ಲ, ಆದರೂ ಹೊರಟೆ.

ಸಂಜೆ ಯಶವಂತಪುರದಲ್ಲಿ ಹೆಸರಘಟ್ಟದ ಬಸ್ಸು ಸಿಕ್ಕಿತು. ದಾಸರಹಳ್ಳಿಯಲ್ಲಿ ಟ್ರಾಫಿಕ್ ಜಾಮ್. ಸವಿತಾ ಕಿಟಕಿಗೆ ಒರಗಿ ನಿದ್ದೆ ಹೋದಳು. ಚಿನ್ನು ಅಕ್ಕನನ್ನು ಎರಡು ಸಲ ಅಲುಗಿಸಿದಳು. ಅಕ್ಕ ಏಳಲಿಲ್ಲ. ಬಸ್ಸು ಕದಲಲಿಲ್ಲ. ಕೊನೆಗೆ ಪುಸ್ತಕ ಎತ್ತಿಕೊಂಡು ನನ್ನ ತೊಡೆ ಹತ್ತಿದಳು.

“ಓದು. ಬೈಬೇಡ.”

ಗಾಜು ಹೊತ್ತವನಂತೆ ಓದಿದೆ. ಮೇಕೆಮರಿ ಕೋಳಿಯನ್ನು ಕೇಳಿತು, ಎಮ್ಮೆಯನ್ನು ಕೇಳಿತು. “ಗಂಟೆ ಎಲ್ಲಿದೆ ಚಿನ್ನು?” ಎಂದು ಕೇಳಿ ಬಾಯಿ ಮುಚ್ಚಿದೆ. ಒಂದು, ಎರಡು, ಮೂರು...

“ಬಾವಿಕಟ್ಟೆ ಇಂದೆ ಐತಲ್ರೀ, ಕಾಣ್ತಿಲ್ವಾ!” ಎಂದರು, ನಮ್ಮ ಮೇಲೆ ಬಗ್ಗಿ ನಿಂತಿದ್ದ ಹೂವಿನ ಬುಟ್ಟಿಯ ಅಜ್ಜಿ.

“ನೀನ್ ಹೇಳ್ಬಾರ್ದು ಅಜ್ಜಿ, ನಾನ್ ಹೇಳ್ಬೇಕು,” ಎಂದಳು ಚಿನ್ನು.

“ಹಂಗಾದ್ರೆ ನಿಮ್ಮಪ್ಪಂಗೆ ಒಸಿ ಜೋರಾಗಿ ಓದಕ್ಕೇಳವ್ವ. ಇಂದ್ಗಡೆಯೋರ್ಗೆ ಕೇಳಿಸ್ತಿಲ್ಲ.”

ಜನ್ಮದಲ್ಲಿ ಮೊದಲ ಸಲ ಒಬ್ಬರು ನನಗೆ ಆ ಮಾತು ಹೇಳಿದ್ದರು.

“ಚಿಕ್ಕಬಾಣಾವರ ಯಾರ್ರೀ? ಇಳೀರಿ,” ಎಂದ ಕಂಡಕ್ಟರ್. ಏಳಲು ಹೋದೆ. ಚಿನ್ನು ಪುಸ್ತಕವನ್ನು ಗಟ್ಟಿಯಾಗಿ ಹಿಡಿದಳು. ಇನ್ನೂ ನಾಲ್ಕು ಪುಟವಿತ್ತು.

“ಕಥೆ ಮುಗಿದಿಲ್ಲ,” ಎಂದೆ.

“ಟಿಕೆಟ್ ಮುಗಿದೈತಲ್ಲ ಸ್ವಾಮಿ!”

“ಮುಂದಿನ ಸ್ಟಾಪು ಸೋಲದೇವನಹಳ್ಳಿಗೆ ಟಿಕೆಟ್ ತಗೋಳಪ್ಪ,” ಎಂದಳು ಸವಿತಾ, ಕಣ್ಣು ಮುಚ್ಚಿಕೊಂಡೇ.

ಸೋಲದೇವನಹಳ್ಳಿಯಲ್ಲಿ ಇಳಿದು, ಚಿನ್ನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಸರಿನಲ್ಲಿ ಹಿಂದಕ್ಕೆ ನಡೆದೆವು. ದಾರಿಯುದ್ದಕ್ಕೂ ಅದೇ ಕಥೆಯನ್ನು ಬಾಯಲ್ಲೇ ಹೇಳಿಸಿದಳು. ಬಾಗಿಲು ತೆಗೆದ ಹೆಂಡತಿ ನನ್ನ ಮೆಲುದನಿ ಕೇಳಿ ಗಾಬರಿಯಾದಳು. “ಏನ್ರೀ, ಗಂಟ್ಲು ಕಟ್ಟಿದ್ಯಾ?”

ಈಗ ನನ್ನಲ್ಲಿ ಎರಡು ಮಹಡಿಯ ಮನೆಯೊಂದು, ಕಾಂಕ್ರೀಟ್ ಕಲಸುವ ಮಿಷನ್ನು ಎರಡು, ಹೆಣ್ಣುಮಕ್ಕಳು ಇಬ್ಬರು, ಪುಸ್ತಕ ಒಂದು, ದನಿ ಎರಡು.