ಕೂತು ಉಣ್ಣು ಎಂದವರು

ಅವರ ಬಲಗಡೆಯ ಹುಬ್ಬು ಅರ್ಧವೇ ಇತ್ತು. ಉಳಿದರ್ಧವನ್ನು ಸೀಮೆಎಣ್ಣೆ ಸ್ಟೌ ಯಾವಾಗಲೋ ಭುಗ್ಗೆಂದು ಎದ್ದು ತಿಂದುಬಿಟ್ಟಿತ್ತಂತೆ. ಹಾಗಾಗಿ ಸುಮ್ಮನೆ ನೋಡಿದರೂ ಅವರು ಏನೋ ಕೇಳುತ್ತಿರುವಂತೆ ಕಾಣುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಹರೈನಿನ ಮೀನಾ ಸಲ್ಮಾನ್ ಬಂದರಿನ ಪಕ್ಕದ ನಮ್ಮ ಲೇಬರ್ ಕ್ಯಾಂಪಿಗೆ ಅವರೇ ಅಡುಗೆಯವರು. ನಾನು ಹಡಗು ರಿಪೇರಿಯ ವರ್ಕ್‌ಶಾಪಿನಲ್ಲಿ ವೆಲ್ಡರ್. ನಾವೆಲ್ಲ ಅವರನ್ನು ಅಡುಗೆಯಣ್ಣ ಎನ್ನುತ್ತಿದ್ದೆವು. ಕಾಸರಗೋಡಿನ ಕಡೆಯವರು ಎಂಬುದು ಬಿಟ್ಟರೆ ಹೆಚ್ಚೇನೂ ಗೊತ್ತಿರಲಿಲ್ಲ. ಯಾರಾದರೂ ಜಾತಿ ಕೆದಕಿದರೆ, "ಎಂತ, ಸಾರಿಗೆ ಉಪ್ಪು ಕಮ್ಮಿ ಉಂಟಾ?" ಎಂದು ಮಾತು ತಿರುಗಿಸುತ್ತಿದ್ದರು.

ಅವರದು ಒಂದೇ ಒಂದು ಹಠ. ಅವರ ಅಡುಗೆಮನೆಯಲ್ಲಿ ಯಾರೂ ನಿಂತು ಉಣ್ಣಬಾರದು. ಶಿಫ್ಟಿಗೆ ಹೊತ್ತಾಯಿತೆಂದು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರೆ, "ಕೂತು ಉಣ್ಣು ಮಾರಾಯ, ಹಡಗು ಎಂತ ಓಡಿ ಹೋಗ್ತದಾ?" ಎಂದು ಗದರುತ್ತಿದ್ದರು. ನೀರಿನ ಟ್ಯಾಂಕರ್ ತರುವ ಪಠಾಣನಿಗೂ "ಬೈಠೋ ಭಾಯ್, ಬೈಠೋ". ನಮ್ಮ ಮೀನು ಸಾರಿನ ಖಾರಕ್ಕೆ ಪಾಪ ಅವನ ಕಣ್ಣಲ್ಲಿ ನೀರು; ಆದರೂ ಕೂತೇ ಉಣ್ಣಬೇಕು. ಮುದುಕನ ಹುಚ್ಚು ಎಂದು ನಾವು ನಗಾಡುತ್ತಿದ್ದೆವು. ಆ ಅಡುಗೆಮನೆಯೇ ಅವರಿಗೆ ಮನೆ, ಸಂಬಳ, ಮಾನ ಎಲ್ಲವೂ ಆಗಿತ್ತು.

ಒಂದು ವರ್ಷ ಕೃಷ್ಣಾಷ್ಟಮಿ ಮಾಡಿದೆವು. ರಜೆ ಇದ್ದದ್ದು ಶುಕ್ರವಾರ, ಹಾಗಾಗಿ ಹಬ್ಬವನ್ನೂ ಶುಕ್ರವಾರಕ್ಕೆ ಎಳೆದೆವು. ಊರಿನ ಹಾಗೆ ವೇಷ ಬೇಕೇ ಬೇಕು ಎಂದರು ಹುಡುಗರು. ಒಬ್ಬ ಹುಲಿಯಾದ, ಒಬ್ಬ ಪೊಲೀಸನಾದ. ನನ್ನ ರೂಮಿನ ಫಿಟ್ಟರ್ ಕೊರಗ ವೇಷ ಹಾಕಿದ. ಕೊರಗರೆಂದರೆ ನಮ್ಮ ಕರಾವಳಿಯ ಗುಡ್ಡಗಳಲ್ಲಿ ನಮಗಿಂತ ಮೊದಲೇ ಇದ್ದ ಜನ. ಮೈಗೆಲ್ಲ ಮಸಿ ಬಳಿದು, ಅವರ ಹಾಗೆ ಎಂದು ತೊದಲುತ್ತ ಬೇಡುವ ಆ ವೇಷ ಊರಲ್ಲಿ ದೊಡ್ಡ ತಮಾಷೆ. ಹರಕೆ ಹೊತ್ತು ಹಾಕುವವರೂ ಇದ್ದರು. ಫಿಟ್ಟರ್ ಮಸಿಯನ್ನು ಅಡುಗೆಮನೆಯ ಪಾತ್ರೆಗಳ ತಳದಿಂದಲೇ ಕೆರೆದುಕೊಂಡ. ಅಡುಗೆಯಣ್ಣ ಪಾಯಸ ತಿರುವುತ್ತ ನೋಡುತ್ತಿದ್ದರು.

ಎಣ್ಣೆ ಡಬ್ಬ ಬಡಿಯುತ್ತ ಅವನು ಕೋಣೆಯಿಂದ ಕೋಣೆಗೆ ಕುಣಿದ. ಆ ಸೆಕೆಗೆ ಮಸಿಯೆಲ್ಲ ಬೆವರಿನೊಂದಿಗೆ ಇಳಿಯುತ್ತಿತ್ತು. ನಾವು ಬಿದ್ದು ಬಿದ್ದು ನಕ್ಕೆವು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು, "ಧಣಿಗಳೇ, ಒಂದು ತುತ್ತು..." ಎಂದು ರಾಗ ಎಳೆದ.

ಅಡುಗೆಯಣ್ಣ ಚಾಪೆ ಹಾಸಿದರು. ತಟ್ಟೆ ತೊಳೆದು ಇಟ್ಟರು. ಅವನ ತೋಳು ಹಿಡಿದು ಒಳಗೆ ಕರೆತಂದು ಕೂರಿಸಿದರು. ಅನ್ನ, ಸಾರು, ಹಬ್ಬದ ಪಾಯಸ ಒಂದೊಂದೇ ಬಡಿಸಿದರು.

"ಕೂತು ಉಣ್ಣು," ಎಂದರು. "ನಮ್ಮವರನ್ನು ಒಳಗೆ ಕೂರಿಸಿ ಬಡಿಸಿದವರು ಊರಲ್ಲಿ ಯಾರೂ ಇಲ್ಲ. ನನ್ನ ಅಪ್ಪನಿಗೆ ಅಂಗಳದ ಆಚೆಗೆ ಎಸೆದದ್ದೇ."

ನಮ್ಮವರು ಎಂದರೆ ಕೊರಗರು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫಿಟ್ಟರ್ ತಟ್ಟೆ ಮುಟ್ಟದೆ ಎದ್ದು ಹೋದ.

ಮರುದಿನದಿಂದ ಒಬ್ಬೊಬ್ಬರೇ ಮೆಸ್ಸಿಗೆ ಬರುವುದನ್ನು ಬಿಟ್ಟರು. ಹೊಟ್ಟೆ ಸರಿ ಇಲ್ಲ ಎಂದರು. ಅಂಗಡಿಯಿಂದ ಖುಬ್ಬೂಸ್ ರೊಟ್ಟಿ ತಂದು ರೂಮಿನಲ್ಲಿ ತಿಂದರು. ಜಾತಿಯ ಮಾತನ್ನು ಬಾಯಿಬಿಟ್ಟು ಯಾರೂ ಆಡಲಿಲ್ಲ. ಥೂ, ಅಷ್ಟಕ್ಕೂ ಧೈರ್ಯವಿರಲಿಲ್ಲ. ಉಣ್ಣಲು ಉಳಿದದ್ದು ನಾವು ಮೂರ್ನಾಲ್ಕು ಜನ.

ಒಂದು ಮಧ್ಯಾಹ್ನ ಈರುಳ್ಳಿ ಸುಲಿಯುತ್ತ ಅವರು ನನಗೆ ಹೇಳಿದರು. ಅವರ ಅಜ್ಜನ ಕಾಲದ ಗುಡಿಸಲುಗಳು ಗುಡ್ಡದ ಮೇಲಿದ್ದವಂತೆ. ಗೇರು ತೋಟ ಮಾಡಲು ಕೆಳಗಿನಿಂದ ಬಂದವರು ಬೆಂಕಿ ಇಟ್ಟರಂತೆ. ಓಡಲಾರದ ಒಬ್ಬಳು ಮುದುಕಿ ಒಳಗೇ ಉಳಿದಳಂತೆ.

"ಈಗ ಹೋಗಿ ಕೇಳು, ಅಲ್ಲಿ ಎಂತದೂ ಇರ್ಲಿಲ್ಲ, ಬರೇ ಕಾಡು ಅಂತ ಹೇಳ್ತಾರೆ. ಬೆಂಕಿ ಅವರಿಗೆ ಮರ್ತೇ ಹೋಗಿದೆ. ನಮ್ಮ ಮೈಬಣ್ಣ ಮಾತ್ರ ವರ್ಷ ವರ್ಷ ನೆನಪಾಗ್ತದೆ."

"ಆ ದಿನ ಸುಮ್ಮನೆ ಇದ್ದಿದ್ರೆ ಆಗ್ತಿತ್ತಲ್ಲ ಅಣ್ಣ?" ಎಂದೆ.

"ಸುಮ್ಮನೆ ಇದ್ದೂ ಇದ್ದೂ ಜೀವ ಬಚ್ಚಿ ಸುಸ್ತಾಗಿ ಹೋಯ್ತು ಮಾರಾಯ. ಸಾಕು."

ಸ್ವಲ್ಪ ದಿನದಲ್ಲೇ ಮೆಸ್ಸಿಗೆ ಬೇರೆ ಅಡುಗೆಯವ ಬಂದ. ಕ್ಯಾಂಪ್ ಗುಡಿಸಲೆಂದು ಕಂಪನಿಯವರು ಅಡುಗೆಯಣ್ಣನ ಕೈಗೆ ಪೊರಕೆ ಕೊಟ್ಟರು. ಆ ವರ್ಷವೇ ಅವರು ಊರಿಗೆ ಹೊರಟುಹೋದರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರೆಂದು ಕಾಸರಗೋಡಿನ ಡ್ರೈವರ್ ಒಬ್ಬ ಹೇಳಿ ಗೊತ್ತಾಯಿತು.

ಮೊನ್ನೆ ಮಂಗಳೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವನು ಅದೇ ಫಿಟ್ಟರ್. ತಲೆ ಪೂರ್ತಿ ನರೆತಿದೆ. ಆಚೀಚೆ ಕೂತವರಿಗೆ ಹೇಳುತ್ತಿದ್ದ: "ನಮ್ಮ ಬಹರೈನಲ್ಲಿ ಜಾತಿ ಗೀತಿ ಎಂತದೂ ಇರ್ಲಿಲ್ಲ. ಎಲ್ಲ ಒಟ್ಟಿಗೆ ಕೂತು ಉಣ್ಣುದು." ಮತ್ತೆ ನನ್ನ ಕಡೆ ತಿರುಗಿ, "ಆ ಅರ್ಧ ಹುಬ್ಬಿನ ಅಡುಗೆಯಣ್ಣ, ಅಬ್ಬ, ಎಂತ ಕೈರುಚಿ! ಯಾಕೆ ಬಿಟ್ಟು ಹೋದ್ರೋ ಏನೋ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಮರೆತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರೀ ಸುಸ್ತಾಯಿತು.

"ಅವರು ಬಿಟ್ಟದ್ದಲ್ಲ, ನಾವು ಉಣ್ಣುದು ಬಿಟ್ಟದ್ದು," ಎಂದೆ. "ಅಷ್ಟಮಿಗೆ ನೀನು ವೇಷ ಹಾಕಿದ್ದು ನೆನಪುಂಟಾ?"

ಅವನ ಮುಖ ಅರಳಿತು. "ಹೋ, ನೆನಪಿಲ್ಲದೆ ಉಂಟಾ! ನಾನು ಹುಲಿ ಅಲ್ವಾ?"

ಎಲೆಗೆ ಪಾಯಸ ಬಂತು. ನಾನು ಏಳಲಿಲ್ಲ. ಕೂತಲ್ಲೇ ಕೂತು, ಆ ಗುಡ್ಡದ ಬೆಂಕಿಯಿಂದ ಶುರುಮಾಡಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದೆ.